ವಯಸ್ಕರಿಗೆ ಬೆಳವಣಿಗೆ ಹಾರ್ಮೋನ್ ಚಿಕಿತ್ಸೆ: ಪದ್ಧತಿಗಳು ಮತ್ತು ವ್ಯತ್ಯಾಸಗಳು

ಎತ್ತರ ಬೆಳೆಯುವುದು ನಿಂತ ಮೇಲೂ ಬೆಳವಣಿಗೆ ಹಾರ್ಮೋನಿಗೆ ದೇಹದಲ್ಲಿ ಕೆಲಸವಿದೆ. ಮೆದುಳಿನ ಬುಡದಲ್ಲಿರುವ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಇದನ್ನು ಸ್ರವಿಸುತ್ತದೆ. ಇದರ ಪ್ರಚೋದನೆಯಿಂದ ಯಕೃತ್ತು ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನನ್ನು ತಯಾರಿಸುತ್ತದೆ. ಸ್ನಾಯುವಿನ ಬಲ, ಮೂಳೆಯ ಗಟ್ಟಿತನ, ಕೊಬ್ಬಿನ ಹಂಚಿಕೆ ಇವೆರಡನ್ನೂ ಅವಲಂಬಿಸಿವೆ.

ವಯಸ್ಕರಲ್ಲಿ ಕೊರತೆ ಬರುವುದು ಹೆಚ್ಚಾಗಿ ಪಿಟ್ಯುಟರಿಯ ಗಡ್ಡೆ, ಅದರ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆಯಿಂದ. ನಮ್ಮ ದೇಶದಲ್ಲಿ ಇನ್ನೆರಡು ಕಾರಣಗಳನ್ನೂ ನೆನಪಿಡಬೇಕು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ತಾಯಂದಿರಲ್ಲಿ ಗ್ರಂಥಿ ಹಾಳಾಗಿ, ವರ್ಷಗಳ ನಂತರ ಶೀಹಾನ್ ಸಿಂಡ್ರೋಮ್ ಎಂದು ಪತ್ತೆಯಾಗುವುದಿದೆ. ಕೊಳಕುಮಂಡಲ ಹಾವು ಕಚ್ಚಿ ಬದುಕುಳಿದ ಕೆಲವರಲ್ಲೂ ಇದೇ ಗ್ರಂಥಿ ಕೆಡುತ್ತದೆ. ಸುಸ್ತು, ಹೊಟ್ಟೆಯ ಬೊಜ್ಜು, ನಿರುತ್ಸಾಹ ಯಾರಿಗಾದರೂ ಬರಬಹುದಾದ್ದರಿಂದ ಲಕ್ಷಣ ನೋಡಿಯೇ ಔಷಧ ಬರೆಯುವಂತಿಲ್ಲ. ಸಾಮಾನ್ಯವಾಗಿ ಹಾರ್ಮೋನನ್ನು ಪ್ರಚೋದಿಸಿ ಅಳೆಯುವ ಪರೀಕ್ಷೆ ಬೇಕು. ಪಿಟ್ಯುಟರಿಯ ಇತರ ಮೂರು ಅಥವಾ ಹೆಚ್ಚು ಹಾರ್ಮೋನುಗಳೂ ಇಲ್ಲದೆ, ಐಜಿಎಫ್-1 ಕೂಡ ಕಡಿಮೆಯಿದ್ದರೆ ಆ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಔಷಧದ ಮೂಲ ಯಾವುದು ಎಂಬುದು ಜೈನ ಕುಟುಂಬಗಳ ಸಹಜ ಪ್ರಶ್ನೆ. ಹಸು, ಹಂದಿಯ ಬೆಳವಣಿಗೆ ಹಾರ್ಮೋನು ಮನುಷ್ಯರಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ 1950ರ ದಶಕದ ಕೊನೆಯಿಂದ ಮೃತ ಮನುಷ್ಯರ ಪಿಟ್ಯುಟರಿಯಿಂದ ಅದನ್ನು ತೆಗೆಯುತ್ತಿದ್ದರು. ಅದನ್ನು ಪಡೆದ ಕೆಲವರು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಾರಕ ಮಿದುಳು ರೋಗಕ್ಕೆ ಬಲಿಯಾದದ್ದು ತಿಳಿದು 1985ರಲ್ಲಿ ಅಮೆರಿಕ ಅದರ ಬಳಕೆ ನಿಲ್ಲಿಸಿತು. ಅದೇ ವರ್ಷ ವಂಶವಾಹಿ ತಂತ್ರಜ್ಞಾನದಿಂದ ತಯಾರಾದ ಹಾರ್ಮೋನಿಗೆ ಅನುಮತಿ ಸಿಕ್ಕಿತು. ಇಂದಿನ ಬಹುಪಾಲು ಔಷಧಗಳನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸುತ್ತಾರೆ. ಆದರೆ ಸೈಜೆನ್‌ನಂಥ ಔಷಧ ಪ್ರಯೋಗಾಲಯದಲ್ಲಿ ಬೆಳೆಸಿದ ಇಲಿಯ ಜೀವಕೋಶಗಳಿಂದ ಬರುತ್ತದೆ. ಪೊಟ್ಟಣದೊಳಗಿನ ಮಾಹಿತಿ ಚೀಟಿಯಲ್ಲಿ ಇದು ಇರುತ್ತದೆ, ಕೇಳಲು ಸಂಕೋಚ ಬೇಡ.

ಪ್ರಮಾಣ ನಿಗದಿಪಡಿಸುವುದರಲ್ಲಿ ಎರಡು ಪದ್ಧತಿಗಳಿವೆ. ಮೊದಮೊದಲು ಮಕ್ಕಳಿಗೆ ಕೊಡುವಂತೆಯೇ ದೇಹದ ತೂಕ ನೋಡಿ ಕೊಡುತ್ತಿದ್ದರು. ಇದರಿಂದ ಕೈಕಾಲು ಊತ, ಕೀಲುನೋವು, ಬೆರಳುಗಳ ಜೋಮು ಹೆಚ್ಚಾದವು. ಈಗ ಸಾಮಾನ್ಯವಾಗಿ ಅರವತ್ತರೊಳಗಿನವರಿಗೆ ದಿನಕ್ಕೆ 0.2ರಿಂದ 0.4 ಮಿಲಿಗ್ರಾಂ, ಮೇಲ್ಪಟ್ಟವರಿಗೆ 0.1ರಿಂದ 0.2 ಮಿಲಿಗ್ರಾಂ ಕೊಟ್ಟು ಆರಂಭಿಸಿ, ಒಂದೆರಡು ತಿಂಗಳಿಗೊಮ್ಮೆ ಐಜಿಎಫ್-1 ನೋಡುತ್ತ ಏರಿಸುತ್ತಾರೆ. ಈಸ್ಟ್ರೋಜನ್ ಗುಳಿಗೆ ನುಂಗುವ ಸ್ತ್ರೀಯರಿಗೆ ಹೆಚ್ಚು ಬೇಕಾಗುತ್ತದೆ. ಎರಡನೆಯ ಪದ್ಧತಿಯೇ ಮೇಲು ಎನ್ನುವುದರಲ್ಲಿ ಈಗ ಹೆಚ್ಚಿನ ಭಿನ್ನಾಭಿಪ್ರಾಯ ಉಳಿದಿಲ್ಲ.

ದಿನನಿತ್ಯದ ಚುಚ್ಚುಮದ್ದನ್ನು ಸಾಮಾನ್ಯವಾಗಿ ರಾತ್ರಿ ಮಲಗುವ ಮೊದಲು ಚರ್ಮದಡಿಗೆ ತೆಗೆದುಕೊಳ್ಳುತ್ತಾರೆ. ವಾರಕ್ಕೊಮ್ಮೆ ಸಾಕಾಗುವ ಸೊಮಾಪಾಸಿಟಾನ್‌ಗೆ ಅಮೆರಿಕದಲ್ಲಿ 2020ರಲ್ಲಿ ವಯಸ್ಕರಿಗಾಗಿ ಅನುಮತಿ ದೊರೆಯಿತು. ರಕ್ತದ ಆಲ್ಬುಮಿನ್‌ಗೆ ಅಂಟಿಕೊಳ್ಳುವುದರಿಂದ ಅದು ನಿಧಾನವಾಗಿ ಕರಗುತ್ತದೆ. ಹಗಲಿನ ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದಾದ್ದರಿಂದ, ಸೂರ್ಯಾಸ್ತದ ನಂತರ ಔಷಧವೂ ಬೇಡ ಎನ್ನುವ ನಿಯಮವಿರುವವರಿಗೆ ಅನುಕೂಲ. ದೀರ್ಘಕಾಲದ ಅನುಭವ ಮಾತ್ರ ದಿನನಿತ್ಯದ ಔಷಧದ್ದೇ ಹೆಚ್ಚು.

ಯಾರಿಗೆ ಕೊಡಬೇಕು ಎಂಬುದರಲ್ಲೂ ಎಲ್ಲ ದೇಶಗಳದ್ದು ಒಂದೇ ನೀತಿಯಲ್ಲ. ಇಂಗ್ಲೆಂಡಿನ ನೈಸ್ ಸಂಸ್ಥೆಯ 2003ರ ಮಾರ್ಗಸೂಚಿ ಕಟ್ಟುನಿಟ್ಟಾದದ್ದು: ತೀವ್ರ ಕೊರತೆಯ ಜೊತೆಗೆ ಜೀವನದ ಗುಣಮಟ್ಟದ ಪ್ರಶ್ನಾವಳಿಯಲ್ಲಿ ಕನಿಷ್ಠ 11 ಅಂಕದಷ್ಟು ತೊಂದರೆ ಇರಬೇಕು, ಒಂಬತ್ತು ತಿಂಗಳಲ್ಲಿ 7 ಅಂಕವಾದರೂ ಸುಧಾರಿಸದಿದ್ದರೆ ನಿಲ್ಲಿಸಬೇಕು. ಮೂಳೆ ಇನ್ನೂ ಗಟ್ಟಿಯಾಗುತ್ತಿರುವ 25ರೊಳಗಿನವರಿಗೆ ನಿಯಮ ಬೇರೆ. ಸ್ವಂತ ಹಣದಲ್ಲಿ ದುಬಾರಿ ಔಷಧ ಕೊಳ್ಳುವ ನಮ್ಮ ಕುಟುಂಬಗಳಿಗೂ ಹೀಗೆ ಗಡುವಿಟ್ಟು ನೋಡುವ ಪದ್ಧತಿ ಒಪ್ಪುವಂಥದ್ದು.

ಕೊರತೆಯೇ ಇಲ್ಲದವರು ಮುಪ್ಪು ತಡೆಯಲೆಂದು, ಮೈಕಟ್ಟಿಗೆಂದು ತೆಗೆದುಕೊಳ್ಳುವುದು ಬೇರೆಯೇ ಸಂಗತಿ. 1990ರಲ್ಲಿ ಅಮೆರಿಕದಲ್ಲಿ 60 ದಾಟಿದ ಹನ್ನೆರಡು ಪುರುಷರಿಗೆ ಆರು ತಿಂಗಳು ಕೊಟ್ಟಾಗ ಕೊಬ್ಬು ಇಳಿದು ಮಾಂಸಖಂಡ ಹೆಚ್ಚಿತು. ಆ ಪುಟ್ಟ ಅಧ್ಯಯನದ ಮೇಲೆಯೇ ದೊಡ್ಡ ವ್ಯಾಪಾರ ಎದ್ದಿತು. ನಂತರದ ಪರಿಶೀಲನೆಗಳಲ್ಲಿ ಲಾಭ ಅಲ್ಪ, ಊತ ಮತ್ತು ಕೀಲುನೋವು ಹೆಚ್ಚು ಎಂದು ಕಂಡಿದೆ. ರಕ್ತದ ಸಕ್ಕರೆಯೂ ಏರಬಹುದು. ಸಕ್ರಿಯ ಕ್ಯಾನ್ಸರ್ ಇರುವವರಿಗೆ ಈ ಔಷಧ ಸಲ್ಲದು.

ದಶಲಕ್ಷಣ ಪರ್ವ, ಪರ್ಯುಷಣದ ದಿನಗಳಲ್ಲಿ ಉಪವಾಸ ಮಾಡುವ ರೋಗಿಗಳು ಒಂದು ಮಾತನ್ನು ಮುಖ್ಯವಾಗಿ ತಿಳಿದಿರಬೇಕು. ಪಿಟ್ಯುಟರಿ ಕೆಟ್ಟವರಲ್ಲಿ ಹಲವರಿಗೆ ಕಾರ್ಟಿಸೋಲ್ ಕೊರತೆಯೂ ಇರುತ್ತದೆ. ಅವರು ಹೈಡ್ರೋಕಾರ್ಟಿಸೋನ್ ಗುಳಿಗೆಯನ್ನು ಒಂದು ದಿನವೂ ಬಿಡುವಂತಿಲ್ಲ. ಬಿಟ್ಟರೆ ವಾಂತಿ, ರಕ್ತದೊತ್ತಡ ಕುಸಿತ, ಪ್ರಾಣಾಪಾಯ. ಬೆಳವಣಿಗೆ ಹಾರ್ಮೋನು ಶುರುವಾದ ಮೇಲೆ ದೇಹಕ್ಕೆ ದೊರಕುವ ಕಾರ್ಟಿಸೋಲ್ ಇನ್ನಷ್ಟು ತಗ್ಗುವುದರಿಂದ, ಅದುವರೆಗೆ ಗೊತ್ತಾಗದಿದ್ದ ಕೊರತೆ ಹೊರಬೀಳಬಹುದು, ಗುಳಿಗೆಯ ಪ್ರಮಾಣ ಹೆಚ್ಚಿಸಬೇಕಾಗಬಹುದು. ಥೈರಾಯ್ಡ್ ಗುಳಿಗೆಗೂ ಇದೇ ಮಾತು. ಆದ್ದರಿಂದ ಮೊದಲ ಚುಚ್ಚುಮದ್ದಿಗೆ ಮುಂಚೆಯೇ ಎರಡನ್ನೂ ಪರೀಕ್ಷಿಸಿ ಸರಿಪಡಿಸಿಕೊಳ್ಳಬೇಕು. ಉಪವಾಸದ ಸಂಕಲ್ಪ ಮಾಡುವ ಮೊದಲು ವೈದ್ಯರೊಂದಿಗೂ ಮನೆಯವರೊಂದಿಗೂ ಮಾತಾಡಬೇಕು. ನಿರ್ಜಲ ಉಪವಾಸ ಇವರಿಗೆ ಸುರಕ್ಷಿತವಲ್ಲ. ವಾಂತಿಯಾಗಿ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಹೈಡ್ರೋಕಾರ್ಟಿಸೋನನ್ನು ತಕ್ಷಣ ಚುಚ್ಚುಮದ್ದಾಗಿ ಕೊಡಿಸಬೇಕಾಗುತ್ತದೆ.