ಕೌಟುಂಬಿಕ ಹಿಂಸೆ ಮತ್ತು ಸಾಕುಪ್ರಾಣಿಗಳ ಆರೈಕೆ: ಹೈದರಾಬಾದ್

ಹಿಂಸೆ ತಾಳಲಾರದೆ ಮನೆ ಬಿಡುವವರ ನಾಯಿ, ಬೆಕ್ಕುಗಳಿಗೆ ತಾತ್ಕಾಲಿಕ ಆಸರೆ, ಲಸಿಕೆ, ಗಾಯದ ಚಿಕಿತ್ಸೆ ಒದಗಿಸುವುದು ಪ್ರಾಣಿದಯೆ ಮಾತ್ರವಲ್ಲ, ಮಹಿಳಾ ರಕ್ಷಣೆಯ ಭಾಗವೂ ಹೌದು. ಈ ತಿಳಿವಳಿಕೆ ಬೇರೂರಿದ್ದು 20ನೆಯ ಶತಮಾನದ ಕೊನೆಯಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರಾಂಕ್ ಅಸಿಯೋನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯೂಟಾದ ಆಶ್ರಯಧಾಮವೊಂದರ 38 ಮಹಿಳೆಯರ ಪೈಕಿ ಪ್ರಾಣಿ ಸಾಕಿದ್ದವರಲ್ಲಿ ಶೇ. 71ರಷ್ಟು ಮಂದಿ, ಸಂಗಾತಿ ಅದನ್ನು ಹಿಂಸಿಸಿದ್ದ ಇಲ್ಲವೆ ಹಿಂಸಿಸುವುದಾಗಿ ಬೆದರಿಸಿದ್ದ ಎಂದು ಹೇಳಿದರು. 2001ರಲ್ಲಿ ಬ್ರಿಟನ್ನಿನ ಹೆಲೆನ್ ಮನ್ರೊ ಮತ್ತು ಮೈಕೆಲ್ ಥ್ರಸ್‌ಫೀಲ್ಡ್, ಪ್ರಾಣಿಯ ಮೈಮೇಲಿನ ಯಾವ ಗಾಯ ಅಪಘಾತದ್ದಲ್ಲ ಎಂದು ಪಶುವೈದ್ಯರು ಗುರುತಿಸುವ ಬಗೆಯನ್ನು ವಿವರಿಸಿದರು. ಅಮೆರಿಕದ ಮೇನ್ ರಾಜ್ಯ 2006ರಲ್ಲಿ ಸಾಕುಪ್ರಾಣಿಗಳನ್ನೂ ನ್ಯಾಯಾಲಯದ ರಕ್ಷಣಾ ಆದೇಶದ ವ್ಯಾಪ್ತಿಗೆ ತಂದಿತು.

ಹೈದರಾಬಾದಿನಲ್ಲಿ ಈ ಕೆಲಸಕ್ಕೆ ಬೇಕಾದ ಎರಡು ಅಂಗಗಳೂ ಬೆಳೆದಿವೆ, ಆದರೆ ಬೇರೆ ಬೇರೆಯಾಗಿ. ಒಂದೆಡೆ, ಅಮಲಾ ಮತ್ತು ನಾಗಾರ್ಜುನ ಅಕ್ಕಿನೇನಿ ದಂಪತಿ 1992ರಲ್ಲಿ ಆರಂಭಿಸಿದ ಪ್ರಾಣಿಕಲ್ಯಾಣ ಸಂಸ್ಥೆ ಬ್ಲೂ ಕ್ರಾಸ್ ಮತ್ತು ನಾರಾಯಣಗುಡದ ಸರ್ಕಾರಿ ಪಶು ಆಸ್ಪತ್ರೆ. ಇನ್ನೊಂದೆಡೆ, ಮಹಿಳಾ ಸುರಕ್ಷತೆಗಾಗಿ 2014ರಲ್ಲಿ ಬಂದ ಪೊಲೀಸ್ ತಂಡಗಳಾದ ಶೀ ಟೀಮ್ಸ್, ನೊಂದ ಮಹಿಳೆಯರಿಗೆ ನೆರವಾಗುವ 2016ರ ಭರೋಸಾ ಕೇಂದ್ರ. ಇವೆರಡನ್ನು ಬೆಸೆಯಬೇಕಾದ ಕಾನೂನಿನಲ್ಲೇ ಬಿರುಕಿದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆಯ ಪ್ರಕಾರ, ಮಹಿಳೆಗೆ ಬೇಕಾದ ವ್ಯಕ್ತಿಗೆ ನೋವುಂಟುಮಾಡುವುದಾಗಿ ಮತ್ತೆ ಮತ್ತೆ ಬೆದರಿಸುವುದೂ ಭಾವನಾತ್ಮಕ ಹಿಂಸೆಯೇ. ಆದರೆ ಅಲ್ಲಿ ಪ್ರಾಣಿಯ ಹೆಸರಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮು ಮೊದಲ ಅಪರಾಧಕ್ಕೆ ವಿಧಿಸುವ ದಂಡ 10ರಿಂದ 50 ರೂಪಾಯಿ. ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಪ್ರಾಣಿಯನ್ನು ಕೊಂದವರಿಗೆ, ಊನಗೊಳಿಸಿದವರಿಗೆ 5 ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ ನಿಜ. ಆದರೆ ಶಿಕ್ಷೆ ಬರುವುದು ಅನಾಹುತ ನಡೆದ ಮೇಲೆ.

ಮನುಷ್ಯರಿಗೇ ಆಶ್ರಯ ಸಾಲದಿರುವಾಗ ಪ್ರಾಣಿಗಳ ಮಾತೇಕೆ ಎಂಬ ಆಕ್ಷೇಪಣೆ ಸಹಜ. ಹಿಂಸೆಗೊಳಗಾದ ಮಹಿಳೆಯರ ನೆರವಿಗೆ 2015ರಲ್ಲಿ ದೇಶದಲ್ಲಿ ಶುರುವಾದ ಸಖಿ ಕೇಂದ್ರಗಳ ವಾಸ್ತವ್ಯವೂ 5 ದಿನಗಳಿಗೇ ಸೀಮಿತ. ಆದರೆ ನಾಯಿಯನ್ನು ಯಾರ ಕೈಗೊಪ್ಪಿಸಲಿ ಎಂಬ ಚಿಂತೆಯಲ್ಲಿ ಹೊಸ್ತಿಲು ದಾಟಲಾಗದವಳಿಗೆ ತೆರೆದ ಆಶ್ರಯವೂ ಮುಚ್ಚಿದಂತೆಯೇ. ಅಸಿಯೋನ್ ಅಧ್ಯಯನ ಚಿಕ್ಕದು, ಪರದೇಶದ್ದು ಎಂಬುದೂ ಸರಿ. ಅದರ ಶೇಕಡಾವಾರು ಲೆಕ್ಕವನ್ನು ಇಲ್ಲಿಗೆ ಹೊಂದಿಸಲಾಗದು. ಆದರೆ ಪ್ರೀತಿಪಾತ್ರರನ್ನು ಒತ್ತೆಯಿಟ್ಟು ಹೆಣ್ಣನ್ನು ಹೆದರಿಸುವ ಬಗೆಯನ್ನು ನಮ್ಮ ಕೌಟುಂಬಿಕ ಹಿಂಸೆ ಕಾಯಿದೆಯೇ ಗುರುತಿಸಿದೆ. ಮುಂಬಯಿಯ ಬಾಂದ್ರಾ ಮ್ಯಾಜಿಸ್ಟ್ರೇಟ್ ನ್ಯಾಯಾಲಯ 2023ರಲ್ಲಿ ಇದೇ ಕಾಯಿದೆಯಡಿ ಮಧ್ಯಂತರ ಜೀವನಾಂಶ ನಿಗದಿ ಮಾಡುವಾಗ, ಅರ್ಜಿದಾರಳ ಮೂರು ನಾಯಿಗಳ ಪೋಷಣೆಯನ್ನೂ ಪರಿಗಣಿಸಿತು. ಹೈದರಾಬಾದಿಗೆ ಹೊಸ ಕಟ್ಟಡ ಬೇಕಿಲ್ಲ. ದೂರು ಕೇಳುವ ಅಧಿಕಾರಿ ಮನೆಯಲ್ಲಿ ಪ್ರಾಣಿ ಇದೆಯೇ ಎಂದು ವಿಚಾರಿಸಲಿ, ಪಶುವೈದ್ಯರು ಗಾಯಗಳನ್ನು ದಾಖಲಿಸಲಿ, ಪ್ರಾಣಿಕಲ್ಯಾಣ ಸಂಸ್ಥೆಗಳು ಕೆಲವು ವಾರಗಳ ಆಸರೆ ಕೊಡಲಿ. ಇಷ್ಟನ್ನು ಸರ್ಕಾರ ನಿಯಮವಾಗಿಸಬೇಕು.