ಬಿಡುಗಡೆಗೆ ಮೊದಲು ಒಮ್ಮೆ ನೋಡಿದವರ ಚರಿತ್ರೆ



ಮಂಗೋರ್ ಹಿಲ್ ಇರುವ ನಮ್ಮ ವಾಸ್ಕೋ ಪಟ್ಟಣದಲ್ಲೇ ಗೋವಾ ಶಿಪ್‌ಯಾರ್ಡ್ ಇದೆ. 1957ರಲ್ಲಿ, ಪೋರ್ಚುಗೀಸರ ಆಳ್ವಿಕೆ ಇದ್ದಾಗಲೇ ಶುರುವಾದದ್ದು. ಇಲ್ಲಿ ಕಟ್ಟಿದ ಹಡಗುಗಳು ನೌಕಾಪಡೆಗೂ ಕರಾವಳಿ ಕಾವಲು ಪಡೆಗೂ ಹೋಗುತ್ತವೆ. ಆದರೆ ಹಡಗು ಕಟ್ಟಿ ಬಣ್ಣ ಹೊಡೆದ ಮರುದಿನವೇ ಯಾರೂ ಅದನ್ನು ಒಪ್ಪಿಸುವುದಿಲ್ಲ. ಮೊದಲು ಸಮುದ್ರಕ್ಕೆ ಒಯ್ದು ಓಡಿಸಿ ನೋಡುತ್ತಾರೆ. ಇದಕ್ಕೆ 'ಸೀ ಟ್ರಯಲ್' ಎನ್ನುತ್ತಾರೆ. ನಮ್ಮ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ಗಾರೆ ಕೆಲಸದವರಿಗೂ ಈ ಪದ್ಧತಿ ಹೊಸದಲ್ಲ. ತಾರಸಿಯ ಮೇಲೆ ನೀರು ನಿಲ್ಲಿಸಿ, ಕೆಳಗಿನಿಂದ ನೋಡಿ, ಸೋರುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೆಲಸ ಮುಗಿಯಿತು ಎನ್ನುತ್ತಾರೆ.

ಕಂಪ್ಯೂಟರ್ ಪ್ರೋಗ್ರಾಮುಗಳಿಗೂ ಇಂಥದೇ ಒಂದು ಹಂತವಿದೆ. ಅದರ ಹೆಸರು 'ರಿಲೀಸ್ ಕ್ಯಾಂಡಿಡೇಟ್', ಚಿಕ್ಕದಾಗಿ ಆರ್‌ಸಿ. ಹೆಸರೇ ಹೇಳುವಂತೆ ಅದು ಅಭ್ಯರ್ಥಿ ಮಾತ್ರ, ಇನ್ನೂ ಗೆದ್ದಿಲ್ಲ! "ನಮ್ಮ ಮಟ್ಟಿಗೆ ಇದು ತಯಾರಾಗಿದೆ, ನೀವು ಬಳಸಿ ನೋಡಿ, ದೊಡ್ಡ ತಪ್ಪು ಸಿಗದಿದ್ದರೆ ಇದನ್ನೇ ಬಿಡುಗಡೆ ಮಾಡುತ್ತೇವೆ" ಎಂದು ಅದರ ಅರ್ಥ. ಈ ಲೇಖನದಲ್ಲಿ ನಾವು 'ಬಿಲ್ಡ್ ಟೂಲ್' ಎಂಬ ಒಂದು ಬಗೆಯ ಸಾಫ್ಟ್‌ವೇರಿನ ಚರಿತ್ರೆಯನ್ನೂ ಅದನ್ನು ಮೊದಲೇ ಪರೀಕ್ಷಿಸುವವರ ಕೆಲಸವನ್ನೂ ನೋಡೋಣ. ಗಡಿಯಾಚೆ ಕನ್ನಡ ಕಲಿಸುವ ನಮಗೆ ಇದರಿಂದ ಆಗಬೇಕಾದ್ದೇನು ಎಂದು ಕೇಳುತ್ತೀರಾ? ಅದಕ್ಕೂ ಉತ್ತರವಿದೆ.

ಬಿಲ್ಡ್ ಟೂಲ್ ಎಂದರೇನು?

ಒಂದು ಪ್ರೋಗ್ರಾಮ್ ಎಂದರೆ ಒಂದೇ ಕಡತವಲ್ಲ. ನೂರಾರು, ಕೆಲವೊಮ್ಮೆ ಸಾವಿರಾರು ಕಡತಗಳಲ್ಲಿ ಅದನ್ನು ಬರೆದಿರುತ್ತಾರೆ. ಮನುಷ್ಯರು ಓದುವಂತೆ ಬರೆದ ಆ ಸಾಲುಗಳನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಂದು, ಸರಿಯಾದ ಕ್ರಮದಲ್ಲಿ ಜೋಡಿಸಬೇಕು. ಅಡಿಪಾಯವಾಗದೆ ಗೋಡೆ ಏಳುವುದಿಲ್ಲ, ಗೋಡೆ ಏಳದೆ ಸ್ಲ್ಯಾಬ್ ಹಾಕುವಂತಿಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಮತ್ತೆ ಮಾಡಬೇಕಾಗಿಲ್ಲ ಎಂದು ನೋಡಿಕೊಳ್ಳುವ ಮೇಸ್ತ್ರಿಯೇ ಬಿಲ್ಡ್ ಟೂಲ್.

ಈ ಮೇಸ್ತ್ರಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. 2020ರ ಜೂನ್‌ನಲ್ಲಿ ಮಂಗೋರ್ ಹಿಲ್ ಗೋವಾದ ಮೊದಲ ಕೊರೋನಾ ಕಂಟೈನ್‌ಮೆಂಟ್ ವಲಯವಾಯಿತು. ಆ ವರ್ಷ ಪಾಠಗಳೆಲ್ಲ ಮೊಬೈಲಿಗೆ ಹೋದವು. ಮಕ್ಕಳ ಕೈಯಲ್ಲಿದ್ದ ಆಂಡ್ರಾಯ್ಡ್ ಫೋನುಗಳ ಬಹುಪಾಲು ಆ್ಯಪ್‌ಗಳನ್ನು 'ಗ್ರೇಡಲ್' ಎಂಬ ಮುಕ್ತ ಬಿಲ್ಡ್ ಟೂಲ್ ಬಳಸಿಯೇ ಕಟ್ಟುತ್ತಾರೆ. ಮೇಸ್ತ್ರಿ ಎಡವಿದರೆ ಒಂದು ಮನೆ ಸೋರುವುದಿಲ್ಲ, ಇಡೀ ಕಾಲೋನಿಯೇ ಸೋರುತ್ತದೆ.

1976: ಒಂದು ಬೆಳಗಿನ ಸಿಟ್ಟು, ಒಂದು ಟ್ಯಾಬ್

ಇಂಥ ಸಾಧನಗಳಲ್ಲಿ ಹಿರಿಯದು 'ಮೇಕ್'. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಇದನ್ನು ಬರೆದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ದಿನ ಸಿಟ್ಟಿನಿಂದ ಅವರ ಕೋಣೆಗೆ ಬಂದರಂತೆ. ತಪ್ಪು ತಿದ್ದಿದ್ದರು, ಆದರೆ ತಿದ್ದಿದ ಕಡತವನ್ನು ಮತ್ತೆ ಯಂತ್ರರೂಪಕ್ಕೆ ತಂದಿರಲಿಲ್ಲ. ಇಲ್ಲದ ತಪ್ಪನ್ನು ಹುಡುಕುತ್ತ ಇಡೀ ಬೆಳಗ್ಗೆ ಹಾಳಾಗಿತ್ತು. ಯಾವ ಕಡತ ಬದಲಾಗಿದೆ ಎಂದು ಸಮಯ ನೋಡಿ ತಾನೇ ತಿಳಿದು, ಅಷ್ಟನ್ನೇ ಮತ್ತೆ ಕಟ್ಟುವ ಸಾಧನ ಬೇಕೆಂಬ ಯೋಚನೆ ಅಲ್ಲಿ ಹುಟ್ಟಿತು. ಈ ಕೆಲಸಕ್ಕಾಗಿ ಫೆಲ್ಡ್‌ಮನ್‌ರಿಗೆ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿಯೂ ಬಂತು.

ಆದರೆ ಮೇಕ್‌ನಲ್ಲಿ ಒಂದು ತೊಡಕು ಉಳಿದುಕೊಂಡಿತು. ಅದರ ಸೂಚನಾ ಕಡತದಲ್ಲಿ ಆದೇಶದ ಸಾಲು 'ಟ್ಯಾಬ್' ಕೀಲಿಯಿಂದಲೇ ಶುರುವಾಗಬೇಕು. ಟ್ಯಾಬ್ ಬದಲು ಎಂಟು ಖಾಲಿ ಜಾಗ ಬಿಟ್ಟರೆ ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಮೇಕ್ ಕೆಲಸ ನಿಲ್ಲಿಸಿಬಿಡುತ್ತದೆ. ಫೆಲ್ಡ್‌ಮನ್‌ರಿಗೆ ಈ ತೊಡಕು ಬೇಗನೆ ಗೊತ್ತಾಗಿತ್ತು. ಅಷ್ಟರಲ್ಲಿ ಸುಮಾರು ಹನ್ನೆರಡು ಮಂದಿ, ಹೆಚ್ಚಿನವರು ಸ್ನೇಹಿತರೇ, ಅದನ್ನು ಬಳಸಲು ಶುರು ಮಾಡಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಹಾಗೇ ಬಿಟ್ಟರು. ಆ ಹನ್ನೆರಡು ಮಂದಿ ಮುಂದೆ ಲಕ್ಷಾಂತರ ಮಂದಿಯಾದರು. ಇವತ್ತಿಗೂ ಹೊಸದಾಗಿ ಕಲಿಯುವವರು ಅದೇ ಟ್ಯಾಬಿನಲ್ಲಿ ಎಡವುತ್ತಿದ್ದಾರೆ!

ಇದರ ಪಾಠ ಸರಳ. ಬಿಡುಗಡೆಗೆ ಮೊದಲು ತಪ್ಪು ತಿದ್ದಲು ಐದು ನಿಮಿಷ ಸಾಕು. ಬಿಡುಗಡೆಯಾದ ಮೇಲೆ ಐವತ್ತು ವರ್ಷವೂ ಸಾಲದು. ಇಂದು ಬಹಳ ಕಡೆ ಬಳಕೆಯಲ್ಲಿರುವ 'ಗ್ನೂ ಮೇಕ್' ತಯಾರಿಸುವವರು ಅದಕ್ಕೇ ಹೊಸ ಆವೃತ್ತಿಗೆ ಮುಂಚೆ ಸಾಮಾನ್ಯವಾಗಿ ಪರೀಕ್ಷಾ ಪ್ರತಿ ಹೊರಡಿಸುತ್ತಾರೆ. 2020ರಲ್ಲಿ 4.3 ಆವೃತ್ತಿ ಬರುವ ಮೊದಲು 4.2.90 ಎಂಬ ಸಂಖ್ಯೆಯ ಪ್ರತಿ ಬಂದಿತ್ತು. ಆ 90 ನೋಡಿದರೆ ಸಾಕು, ಇದು ಇನ್ನೂ ಸೀ ಟ್ರಯಲ್‌ನಲ್ಲಿದೆ ಎಂದು ತಿಳಿದವರಿಗೆ ಗೊತ್ತಾಗುತ್ತದೆ.

ಇರುವೆಯೂ ಮತದಾನವೂ

2000ದ ಜುಲೈಯಲ್ಲಿ 'ಆ್ಯಂಟ್' ಎಂಬ ಇನ್ನೊಂದು ಬಿಲ್ಡ್ ಟೂಲ್ ಹೊರಬಂತು. ಬರೆದವರು ಜೇಮ್ಸ್ ಡಂಕನ್ ಡೇವಿಡ್‌ಸನ್. ಹೆಸರಿನ ಅರ್ಥ ಇರುವೆ. ತನ್ನ ತೂಕಕ್ಕಿಂತ ಎಷ್ಟೋ ಪಟ್ಟು ಭಾರ ಹೊರುವ ಜೀವಿಯ ಹೆಸರು ಇಂಥ ಸಾಧನಕ್ಕೆ ಒಪ್ಪುತ್ತದೆ. ಆಮೇಲೆ ಮೇವೆನ್ ಬಂತು. 2012ರಲ್ಲಿ ಗ್ರೇಡಲ್‌ನ 1.0 ಆವೃತ್ತಿ ಬಂತು.

ಆ್ಯಂಟ್ ಮತ್ತು ಮೇವೆನ್ ಎರಡೂ ಅಪಾಚೆ ಎಂಬ ಮುಕ್ತ ಸಂಸ್ಥೆಯ ಆಸರೆಯಲ್ಲಿವೆ. ಅಲ್ಲಿ ಬಿಡುಗಡೆಯನ್ನು ಒಬ್ಬರೇ ತೀರ್ಮಾನಿಸುವಂತಿಲ್ಲ, ಮತ ಹಾಕಬೇಕು. ಅಭ್ಯರ್ಥಿ ಪ್ರತಿಯನ್ನು ಸಾಮಾನ್ಯವಾಗಿ ಕನಿಷ್ಠ 72 ಗಂಟೆ ಎಲ್ಲರ ಮುಂದಿಡುತ್ತಾರೆ. ಮತ ಹಾಕುವ ಅಧಿಕಾರವುಳ್ಳವರಲ್ಲಿ ಕನಿಷ್ಠ ಮೂವರು ಒಪ್ಪಬೇಕು, ಒಪ್ಪದವರಿಗಿಂತ ಒಪ್ಪಿದವರು ಹೆಚ್ಚಿರಬೇಕು. ಒಪ್ಪುವವರು ಸುಮ್ಮನೆ ಕೈ ಎತ್ತುವಂತಿಲ್ಲ, ಮೂಲ ಕಡತಗಳನ್ನು ತಮ್ಮ ಯಂತ್ರಕ್ಕೆ ಇಳಿಸಿಕೊಂಡು, ಕಟ್ಟಿ, ಪರೀಕ್ಷಿಸಿರಬೇಕು. ಅಧಿಕಾರವಿಲ್ಲದ ಸಾಮಾನ್ಯ ಬಳಕೆದಾರರೂ ಪರೀಕ್ಷಿಸಿ ಅಭಿಪ್ರಾಯ ಹೇಳಬಹುದು. ನಮ್ಮ ಗ್ರಾಮಸಭೆಗಳು ಇಷ್ಟು ಶಿಸ್ತಿನಿಂದ ನಡೆದರೆ ಎಷ್ಟು ಚೆನ್ನ, ಅಲ್ಲವೇ?

ಊರಿಗೊಬ್ಬ ಪರೀಕ್ಷಕ ಏಕೆ ಬೇಕು?

ಬರೆದವರೇ ಪರೀಕ್ಷಿಸಿದರೆ ಸಾಲದೇ? ಸಾಲದು. ತುರ್ಕಿ ಭಾಷೆಯ ಉದಾಹರಣೆ ನೋಡಿ. ಇಂಗ್ಲಿಷಿನ ದೊಡ್ಡ 'ಐ' ಅಕ್ಷರವನ್ನು ಚಿಕ್ಕದು ಮಾಡಿದರೆ ತಲೆಯ ಮೇಲೆ ಚುಕ್ಕೆ ಬರುತ್ತದೆ. ತುರ್ಕಿಯಲ್ಲಿ ಚುಕ್ಕೆ ಇರುವ 'ಐ' ಬೇರೆ, ಇಲ್ಲದ್ದು ಬೇರೆ. ಹೀಗಾಗಿ ಅಮೆರಿಕದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಅನೇಕ ಜಾವಾ ಪ್ರೋಗ್ರಾಮುಗಳು ತುರ್ಕಿ ಭಾಷೆಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ಮುರಿದು ಬಿದ್ದವು. ತುರ್ಕಿಯವರೊಬ್ಬರು ತಮ್ಮ ಮನೆಯ ಯಂತ್ರದಲ್ಲಿ ಓಡಿಸಿ ನೋಡದೆ ಇದು ಗೊತ್ತಾಗುವುದು ಕಷ್ಟ.

ಮೇಕ್‌ಗೆ ಇನ್ನೊಂದು ಸಂಕಟ, ಕಡತದ ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಅದನ್ನು ಎರಡು ಹೆಸರು ಎಂದುಕೊಳ್ಳುತ್ತದೆ. ನಾವು ಶಿಕ್ಷಕರು ಕಡತಗಳಿಗೆ ಎಂಥ ಹೆಸರಿಡುತ್ತೇವೆ? 'ಏಳನೇ ತರಗತಿ ಅಂಕಪಟ್ಟಿ'. ಎರಡು ಖಾಲಿ ಜಾಗ, ಮೇಲೆ ಕನ್ನಡ ಲಿಪಿ! ಇಂಥ ಹೆಸರಿನ ಕಡತವಿಟ್ಟು ಹೊಸ ಪ್ರತಿಯನ್ನು ಪರೀಕ್ಷಿಸುವ ಯೋಚನೆ ಕ್ಯಾಲಿಫೋರ್ನಿಯಾದಲ್ಲಿ ಕುಳಿತವರಿಗೆ ಎಲ್ಲಿಂದ ಬರಬೇಕು? ನಮಗೆ ಬರಬೇಕು.

ನಮ್ಮ ೞ ಅಕ್ಷರದ ಕಥೆ

ಬಿಡುಗಡೆಗೆ ಮೊದಲು ಸಿಗದ ತಪ್ಪು ನಮ್ಮ ಕನ್ನಡಕ್ಕೂ ಶಾಶ್ವತವಾಗಿ ಅಂಟಿಕೊಂಡಿದೆ. ಹಳಗನ್ನಡದ ೞ ಅಕ್ಷರ ಕನ್ನಡ ಶಿಕ್ಷಕರಿಗೆಲ್ಲ ಪರಿಚಿತ. ಏೞು, ಬಾೞ್ ಮುಂತಾದ ಶಬ್ದಗಳಲ್ಲಿ ಬರುವ, ರಳ ಎಂದು ನಾವು ಕರೆಯುವ ಅಕ್ಷರ. ಜಗತ್ತಿನ ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ಇದಕ್ಕೆ ಸಂಖ್ಯೆಯೂ ಸಿಕ್ಕಿತು. ಆದರೆ ಹೆಸರು? 'ಕನ್ನಡ ಅಕ್ಷರ ಫ಼ಾ' ಎಂದು ಬಿದ್ದುಹೋಯಿತು! ಫ್ಯಾನು, ಫೀಸುಗಳ ಆ 'ಫ಼'ಗೂ ನಮ್ಮ ೞಕ್ಕೂ ಸಂಬಂಧವೇ ಇಲ್ಲ.

ತಪ್ಪೆಂದು ಯುನಿಕೋಡ್‌ನವರೂ ಒಪ್ಪಿದ್ದಾರೆ, ಪಟ್ಟಿಯಲ್ಲಿ ಟಿಪ್ಪಣಿ ಹಾಕಿದ್ದಾರೆ, ಸರಿಯಾದ ಉಪನಾಮವನ್ನೂ ಸೇರಿಸಿದ್ದಾರೆ. ಆದರೆ ಮೂಲ ಹೆಸರು ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮ, ಏಕೆಂದರೆ ಆ ಹೆಸರನ್ನು ನಂಬಿ ಎಷ್ಟೋ ಪ್ರೋಗ್ರಾಮುಗಳು ನಡೆಯುತ್ತಿರುತ್ತವೆ. ಫೆಲ್ಡ್‌ಮನ್‌ರ ಟ್ಯಾಬಿನ ಕಥೆಯೇ ಮತ್ತೆ ನಡೆದಂತಾಯಿತು. ಕರಡು ಹಂತದಲ್ಲಿ ಹಳಗನ್ನಡ ಬಲ್ಲ ಒಬ್ಬ ಮೇಷ್ಟ್ರ ಕಣ್ಣು ಆ ಸಾಲಿನ ಮೇಲೆ ಬಿದ್ದು, ಅವರ ಮಾತು ಅಲ್ಲಿಗೆ ಮುಟ್ಟಿದ್ದರೆ ಸಾಕಿತ್ತು. ಅದಕ್ಕೆ ಇಂಜಿನಿಯರ್ ಆಗಿರಬೇಕಾಗಿರಲಿಲ್ಲ.

2024: ಹುತ್ತಕ್ಕೆ ಹೊಕ್ಕ ಹಾವು

ಗೆದ್ದಲು ಕಟ್ಟಿದ ಹುತ್ತ ಹಾವಿಗಾಯಿತು ಎಂಬ ಗಾದೆ ಇದೆಯಲ್ಲ, 2024ರಲ್ಲಿ ಅದು ಅಕ್ಷರಶಃ ನಡೆಯುವುದರಲ್ಲಿತ್ತು. ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಝಡ್' ಎಂಬ ಸಣ್ಣ ಮುಕ್ತ ಸಾಫ್ಟ್‌ವೇರ್ ಇದೆ. ಅದನ್ನು ವರ್ಷಗಟ್ಟಲೆ ಬಹುಮಟ್ಟಿಗೆ ಒಬ್ಬರೇ, ಸ್ವಂತ ಬಿಡುವಿನಲ್ಲಿ, ನೋಡಿಕೊಳ್ಳುತ್ತಿದ್ದರು. ಸಹಾಯಕ್ಕೆಂದು ಬಂದ ಒಬ್ಬ ಅಪರಿಚಿತ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, ಕೊನೆಗೆ ಬಿಡುಗಡೆ ಮಾಡುವ ಅಧಿಕಾರವನ್ನೂ ಪಡೆದ. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟ. ಇಟ್ಟದ್ದು ಎಲ್ಲಿ? ಎಲ್ಲರೂ ಓದುವ ಮೂಲ ಸಾಲುಗಳಲ್ಲಿ ಅಲ್ಲ, ಪ್ರೋಗ್ರಾಮನ್ನು ಕಟ್ಟುವ ಬಿಲ್ಡ್ ಸೂಚನೆಗಳಲ್ಲಿ ಮತ್ತು ಪರೀಕ್ಷೆಗೆಂದು ಇಟ್ಟಿದ್ದ ಕಡತಗಳಲ್ಲಿ!

ಸಿಕ್ಕಿಬಿದ್ದದ್ದು ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್‌ರಿಂದ. ಅವರು ಡೆಬಿಯನ್ ಲಿನಕ್ಸ್‌ನ ಇನ್ನೂ ಪಕ್ಕಾ ಆಗದ ಆವೃತ್ತಿಯನ್ನು ಬಳಸುತ್ತಿದ್ದರು. ದೂರದಿಂದ ಯಂತ್ರದ ಒಳಗೆ ಹೋಗಲು ಮೊದಲಿಗಿಂತ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿತ್ತು. ಅರ್ಧ ಸೆಕೆಂಡ್! ನಾವಾದರೆ ಬಿಟ್ಟುಬಿಡುತ್ತಿದ್ದೆವೋ ಏನೋ. ಅವರು ಬಿಡಲಿಲ್ಲ. ಕಾರಣ ಹುಡುಕುತ್ತ ಹೋಗಿ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ಇನ್ನೂ ಸೇರಿರಲಿಲ್ಲ. ಸೇರಿ ಹರಡಿದ್ದರೆ ಜಗತ್ತಿನ ಎಷ್ಟೋ ಸರ್ವರುಗಳ ಕೀಲಿ ಕಳ್ಳನ ಕೈಯಲ್ಲಿರುತ್ತಿತ್ತು. ಬಿಡುಗಡೆಗೆ ಮೊದಲಿನ ಹಂತದಲ್ಲಿ ಒಬ್ಬ ಎಚ್ಚರದ ಮನುಷ್ಯ ಇದ್ದದ್ದರಿಂದ ಉಳಿದುಕೊಂಡೆವು.

ನಮ್ಮ ಶಾಲೆಗಳು ಏನು ಮಾಡಬಹುದು?

ಕಾಸರಗೋಡಿನ ಕನ್ನಡ ಮಾಧ್ಯಮದ ಮಿತ್ರರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಕ್ರಮೇಣ ಮುಕ್ತ ಸಾಫ್ಟ್‌ವೇರಿಗೆ ಬಂತು. 2017ರಲ್ಲಿ ಅದೇ 'ಕೈಟ್' ಎಂಬ ಸಂಸ್ಥೆಯಾಯಿತು. ಅಲ್ಲಿನ ಶಾಲೆಗಳಲ್ಲಿ ಮಕ್ಕಳು ಗ್ನೂ ಲಿನಕ್ಸ್ ಮೇಲೆಯೇ ಕಲಿಯುತ್ತಾರೆ, ಕಂಪ್ಯೂಟರ್ ಪಠ್ಯ ಕನ್ನಡದಲ್ಲೂ ಸಿಗುತ್ತದೆ. ಗಡಿಯಾಚೆಯ ಕನ್ನಡ ಮಕ್ಕಳಿಗೂ ಈ ಜಗತ್ತು ದೂರದ್ದಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹೈಸ್ಕೂಲು ಮಕ್ಕಳಿದ್ದಲ್ಲಿ ಒಂದು ಹಳೆಯ ಕಂಪ್ಯೂಟರ್ ಬೇರೆ ಇಡಿ. ಶಾಲೆಯ ದಾಖಲೆ ಇರುವ ಯಂತ್ರದಲ್ಲಿ ಮಾತ್ರ ಪರೀಕ್ಷಾ ಪ್ರತಿ ಹಾಕಲೇಬೇಡಿ. ಗ್ನೂ ಮೇಕ್‌ನ ಪರೀಕ್ಷಾ ಪ್ರತಿ ಬಂದಾಗ ಅದನ್ನು ಇಳಿಸಿಕೊಂಡು ಕಟ್ಟಿ, 'ಮೇಕ್ ಚೆಕ್' ಎಂಬ ಆದೇಶ ಕೊಟ್ಟರೆ ಅದರ ಜೊತೆಗೇ ಬಂದ ನೂರಾರು ಪರೀಕ್ಷೆಗಳು ತಾವೇ ನಡೆಯುತ್ತವೆ. ಆಮೇಲೆ ನಮ್ಮದೇ ಪರೀಕ್ಷೆ. ಕನ್ನಡ ಹೆಸರಿನ ಕಡತಗಳನ್ನಿಟ್ಟು ನೋಡಿ. 'ಕಾರ್ಯ'ದ ಅರ್ಕಾವತ್ತು ಮತ್ತು 'ರ‍್ಯಾಂಕ್'ನ ಯ ಒತ್ತು ಬೇರೆಬೇರೆಯಾಗಿಯೇ ಉಳಿದವೇ? 'ರಾಜ್‌ಕುಮಾರ್' ಎಂದು ಬರೆದದ್ದು ಒತ್ತಕ್ಷರವಾಗಿ ಅಂಟಿಕೊಂಡಿತೇ? ಏೞು ಎಂಬ ಹೆಸರಿನ ಕಡತ ತೆರೆಯಿತೇ? ಇದು ಕನ್ನಡ ವ್ಯಾಕರಣದ ಪಾಠವೂ ಹೌದು.

ತಪ್ಪು ಸಿಕ್ಕರೆ ವರದಿ ಬರೆಯುವುದು ಹೇಗೆ? ವಿಜ್ಞಾನದ ಪ್ರಯೋಗ ಪುಸ್ತಕದಂತೆಯೇ. ಉದ್ದೇಶ, ಬಳಸಿದ ಸಾಮಗ್ರಿ ಅಂದರೆ ಯಾವ ಆವೃತ್ತಿ ಯಾವ ಯಂತ್ರ, ಮಾಡಿದ ವಿಧಾನ, ಏನಾಗಬೇಕಿತ್ತು, ಏನಾಯಿತು. 'ಕೆಲಸ ಮಾಡುತ್ತಿಲ್ಲ' ಎಂದಷ್ಟೇ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ತಪ್ಪು ಸಿಗದಿದ್ದರೂ 'ನಮ್ಮಲ್ಲಿ ಸರಿಯಾಗಿ ನಡೆಯಿತು' ಎಂಬ ಒಂದು ಸಾಲು ತಯಾರಿಸಿದವರಿಗೆ ದೊಡ್ಡ ಧೈರ್ಯ ಕೊಡುತ್ತದೆ.

ನಮ್ಮ ಮಕ್ಕಳು ಬೇರೆ ರಾಜ್ಯದಲ್ಲಿದ್ದು ಕನ್ನಡ ಕಲಿಯುವವರು. ಕನ್ನಡದಲ್ಲಿ ಕಲಿತರೆ ಕಂಪ್ಯೂಟರ್ ದಕ್ಕುವುದಿಲ್ಲ ಎಂದು ಅವರ ತಂದೆತಾಯಿಯರ ಕಿವಿಯಲ್ಲಿ ಊದುವವರು ಬಹಳ. ತುರ್ಕಿಯ ಚುಕ್ಕೆಯನ್ನು ತುರ್ಕಿ ಬಲ್ಲವರೇ ಹಿಡಿಯಬೇಕಾದಂತೆ ಕನ್ನಡದ ತಪ್ಪನ್ನು ಕನ್ನಡ ಓದಬಲ್ಲ ಮಕ್ಕಳೇ ಹಿಡಿಯಬೇಕು. ಆ ಕೆಲಸದಲ್ಲಿ ಅವರ ಕನ್ನಡ ಕೊರತೆಯಲ್ಲ, ಅದೇ ಅವರ ಅರ್ಹತೆ. ಮುಂದಿನ ಅಭ್ಯರ್ಥಿ ಪ್ರತಿ ಬಂದಾಗ ನಿಮ್ಮ ಶಾಲೆಯಲ್ಲೂ ಒಮ್ಮೆ ಓಡಿಸಿ ನೋಡಿ.