ಬೇಸಿಗೆ ರಜೆಗೆ ಶ್ರೀರಂಗಪಟ್ಟಣ

ಬೇಸಿಗೆ ರಜೆಯಲ್ಲಿ ಪರದೇಶದ ನಗರಗಳಿಗೆ ಹೋಗಿ ಚರಿತ್ರೆ, ಸಂಸ್ಕೃತಿ ಕಲಿಯುವ ಕೋರ್ಸುಗಳಿವೆ. ಎಡಪ್ಪಾಡಿ ಕಡೆಯ ನಮ್ಮ ಕನ್ನಡ ಮಕ್ಕಳಿಗೆ ಅಂಥ ನಗರ ಗಡಿಯಾಚೆಯ ಶ್ರೀರಂಗಪಟ್ಟಣ.

1792ರಲ್ಲಿ ಅಲ್ಲಿ ಆದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಅರ್ಧದಷ್ಟು ರಾಜ್ಯ ಬಿಟ್ಟುಕೊಟ್ಟನು. 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ನಮ್ಮ ಸೇಲಂ, ಬಾರಾಮಹಲ್ ಸೀಮೆ ಕಂಪನಿ ಸರಕಾರದ ಪಾಲಾದದ್ದು ಆಗಲೇ. ಅಂದರೆ ಈ ನೆಲ ಮೈಸೂರಿನಿಂದ ಬೇರೆಯಾದದ್ದು 1956ರಲ್ಲಲ್ಲ, ಅದಕ್ಕೂ 164 ವರ್ಷ ಮೊದಲು.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಮಕ್ಕಳು "ನಾವು ಯಾವ ಊರಿನವರು?" ಎಂದು ಕೇಳುತ್ತಾರೆ. ಉತ್ತರದ ಒಂದು ಭಾಗ ಆ ಕೋಟೆಯಲ್ಲಿದೆ. ಮೊದಲು ಹತ್ತಿರದ ಸಂಕಗಿರಿ ದುರ್ಗ ಹತ್ತಿಸೋಣ, ಅದೂ ಟಿಪ್ಪುವಿನದಾಗಿತ್ತು. ಆಮೇಲೆ ಶ್ರೀರಂಗಪಟ್ಟಣಕ್ಕೆ ಬಸ್ಸು ಹತ್ತಿಸೋಣ. ಆ ಊರನ್ನು ಬಳಸಿದ ಕಾವೇರಿಯೇ ನಮ್ಮ ಮೆಟ್ಟೂರಿಗೆ ಬರುತ್ತಾಳೆಂಬುದನ್ನು ಮಕ್ಕಳು ಕಣ್ಣಾರೆ ಕಾಣಲಿ.